ಅತ್ತೆ ನಿಲ್ಲಿಸಿದ ಸಾಲು

ನನ್ನ ಸೋದರತ್ತೆ ತೀರಿಕೊಂಡು ಹದಿನೈದು ದಿನವಾಯಿತು. ಅವರ ಪುರಾಣದ ಪುಸ್ತಕದೊಳಗಿನ ಲಾವಂಚದ ಬೇರಿನ ಪರಿಮಳ ಇನ್ನೂ ಆರಿಲ್ಲ.

ಅರವತ್ತರ ದಶಕದ ಒಂದು ಆಟಿ ತಿಂಗಳು, ಆಷಾಢದ ಜಡಿಮಳೆಯ ಕಾಲ. ಪೆರಾಬೆಯ ನಮ್ಮ ಮನೆಯಲ್ಲಿ ಪ್ರತಿ ಆಟಿಗೂ ಪುರಾಣ ಓದುತ್ತಿದ್ದ ಅಜ್ಜನ ಕಣ್ಣಿಗೆ ಪೊರೆ ಬಂದಿತ್ತು. ಗಂಡ ಹೋದ ಮೇಲೆ ತವರಿಗೆ ಬಂದು ಮಾತೇ ಬಿಟ್ಟಿದ್ದ ಅತ್ತೆ, ಅಜ್ಜನ ಬದಲು ಓದತೊಡಗಿದ್ದರು. ಅವರ ದನಿ ನಮಗೆ ಮತ್ತೆ ಕೇಳಿಸಿದ್ದು ಆಗಲೇ.

ಒಂದು ಮಧ್ಯಾಹ್ನ ಓದು ತಟ್ಟನೆ ನಿಂತಿತು.

"ಎಂತ ಆಯ್ತು ಮಗಳೇ?"

"ಇದನ್ನು ಹೆಂಗಸರು ಓದಬಾರದು ಅಂತ ಉಂಟು ಅಪ್ಪ, ಇಲ್ಲಿ." ಅತ್ತೆ ಪುಸ್ತಕ ಮುಚ್ಚತೊಡಗಿದರು.

ಅಜ್ಜ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದರು. "ಬರೆದವನ ಮನೆಯಲ್ಲಿ ಕಣ್ಣು ಕಾಣುವ ಗಂಡಸು ಇದ್ದಿರಬೇಕು ಮಾರಾಯ್ತಿ. ನೀನು ಮುಂದೆ ಓದು."

ಮರುವರ್ಷ ಆ ಸಾಲು ಬಂದಾಗ ಅತ್ತೆ ಬೇಕೆಂದೇ ದನಿ ಏರಿಸಿ ಓದಿದರು. ಅಜ್ಜ ನಕ್ಕು, "ಇನ್ನೊಮ್ಮೆ ಓದು" ಎಂದರು.