ತಿಳಿಯದ ಸಾಲು

ಮತಯಂತ್ರದ ಸಾಫ್ಟ್‌ವೇರನ್ನು ಚುನಾವಣೆಗೆ ಮೊದಲು, ಚೀಟಿ ಎತ್ತಿದಾಗ ಹೆಸರು ಬಂದವರಿಗೆ ಸಾಲು ಸಾಲಾಗಿ ಬಿಡಿಸಿ ಹೇಳಬೇಕು. ಅವರಿಗೆ ತಿಳಿಯದ ಸಾಲನ್ನು ತೆಗೆದುಹಾಕಬೇಕು; ಅದು ಕಾನೂನು. ಈ ಸಲ ಹುಬ್ಬಳ್ಳಿಯಲ್ಲಿ ರೊಟ್ಟಿ ಬಡಿಯುವ ನೀಲವ್ವನ ಹೆಸರು ಬಂದಿತ್ತು. ಇನ್ನು ಒಂದೇ ಸಾಲು ಉಳಿದಿತ್ತು. ಅದಕ್ಕಾಗಿ ಸಾಫ್ಟ್‌ವೇರ್ ಬರೆದ ಕಂಪನಿಯ ಮನುಷ್ಯ ಮೂರು ದಿನದಿಂದ ಅವಳ ಒಲೆಯ ಮುಂದೆ ಕುಳಿತಿದ್ದ. ತಿಳಿಯಿತು ಎಂದರೆ ಓಣಿಗೆ ನೀರಿನ ಟ್ಯಾಂಕು ಕಟ್ಟಿಸಿಕೊಡುವ ಮಾತನ್ನೂ ಆಡಿದ್ದ.

“ಮಂತ್ರಿಗಳಿಗೇ ತಿಳದೈತ್ರಿ ನೀಲವ್ವಾರ. ನಿಮಗ ತಿಳೀಲಿಲ್ಲ ಅಂದ್ರ ಮಂದಿ ನಗತಾರ.”

“ನಗಲಿ ಬಿಡಪ್ಪ. ಖರೇ ಹೇಳು, ನಿನಗರ ತಿಳದೈತೇನು?”

ಅವನು ಆ ಸಾಲಿದ್ದ ಹಾಳೆ ನೋಡಿದ, ಒಲೆ ನೋಡಿದ.

“ಕಂಪನ್ಯಾಗ ಯಾರಿಗೋ ತಿಳದಿರತೈತ್ರಿ.”

ನೀಲವ್ವ ಹಿಟ್ಟಿನ ಕೈ ಒರೆಸಿಕೊಂಡು ಆ ಸಾಲಿನ ಮೇಲೆ ಕೆಂಪು ಗೀಟು ಎಳೆದಳು. ತವೆಯ ಮೇಲೆ ರೊಟ್ಟಿ ಉಬ್ಬುತ್ತಿತ್ತು.

“ಹಂಗಾದ್ರ ನಗೋ ಮಂದಿ ನಮ್ಮಿಬ್ಬರನ್ನೂ ನೋಡಿ ನಗಲಿ. ತಗೋ, ಬಿಸಿ ಐತಿ.”