ಕರಿ ತೀರ್ಥ

ಸಿರಿಂಜಿನಲ್ಲಿದ್ದ ಇಂಕನ್ನು ಕಾತ್ಯಾಯನಿ ಉಸಿರು ಬಿಗಿಹಿಡಿದು ಹಳೇ ಕಾರ್ಟ್ರಿಜ್‌ನ ತೂತಿಗೆ ಇಳಿಸುತ್ತಿದ್ದಳು. ರೀಫಿಲ್ ಮಾಡಿದರೆ ಪ್ರಿಂಟರೇ ಹಾಳು ಎಂದು ಕುಶಾಲನಗರದ ಅಂಗಡಿಯವನು ಹೆದರಿಸಿದ್ದ. ಭಾಗಮಂಡಲದ ಅವಳ ಪುಟ್ಟ ಅಂಗಡಿಯಲ್ಲಿದ್ದದ್ದು ಅದೊಂದೇ ಪ್ರಿಂಟರು.

"ಅಕ್ಕಾ, ಮಡಿಕೇರಿ ಬಸ್ಸು ಬಂತು! ನನ್ನ ಹಾಲ್‌ಟಿಕೆಟ್ಟು?" ಪರೀಕ್ಷೆಗೆ ಹೊರಟಿದ್ದ ಮೋನಿಷಾಗೆ ಅಳುವೇ ಬಂದಿತ್ತು.

ಅಷ್ಟರಲ್ಲಿ ತೂತಿನ ಬಾಯಲ್ಲಿ ಕರಿ ಹನಿಯೊಂದು ಬುಳಕ್ಕನೆ ಉಕ್ಕಿತು. ತುಲಾ ಸಂಕ್ರಮಣಕ್ಕೆ ತಲಕಾವೇರಿಯ ಪುಟ್ಟ ಕುಂಡಿಕೆಯಲ್ಲಿ ತೀರ್ಥ ಉಕ್ಕುವುದನ್ನು ವರ್ಷವರ್ಷವೂ ಕಂಡವಳು ಕಾತ್ಯಾಯನಿ. ಅವಳ ಬೆರಳು ತಾನಾಗಿಯೇ ಹನಿಯನ್ನು ಮುಟ್ಟಿ ಹಣೆಗೆ ಒತ್ತಿಕೊಂಡಿತು.

"ಅಯ್ಯೋ ಅಕ್ಕಾ, ಅದು ಇಂಕು!"

"ಗೊತ್ತು. ತುಂಬಿತು ಅಂತ ಅರ್ಥ."

ತುಂಬಿದ ಕಾರ್ಟ್ರಿಜ್ಜನ್ನು ಪ್ರಿಂಟರಿಗೆ ಕೂರಿಸಿದರೂ ಪರದೆ ಮೇಲೆ 'ಇಂಕು ಖಾಲಿ' ಎಂಬ ಎಚ್ಚರಿಕೆಯೇ ಬಂತು. "ನೀನು ಹೇಳ್ತಾ ಇರು," ಎಂದು ಪರದೆಗೆ ಹೇಳಿ ಅವಳು ಪ್ರಿಂಟ್ ಒತ್ತಿಯೇಬಿಟ್ಟಳು. ಹಾಳೆಯ ಮೇಲೆ ಮೋನಿಷಾಳ ಹೆಸರು ಮೂಡಿ ಬಂತು, ಕಾತ್ಯಾಯನಿಯ ಹಣೆಯ ಬೊಟ್ಟಿನಷ್ಟೇ ಕಪ್ಪಗೆ.