ಮೊದಲ ಪುಟದ ಸುದ್ದಿ

“ನನ್ನ ಮೊಮ್ಮಗಳ ಓದು ಕೆಡಿಸಿಬಿಟ್ರಿ ನೀವು,” ಎನ್ನುತ್ತಲೇ ಅಜ್ಜ ಎರಡನೇ ತರಗತಿಯ ಕೋಣೆಯೊಳಗೆ ಕಾಲಿಟ್ಟರು. ಒಂದು ಕೈಯಲ್ಲಿ ಸುರುಳಿ ಸುತ್ತಿದ ಪತ್ರಿಕೆ, ಇನ್ನೊಂದು ಕೈ ಮೊಮ್ಮಗಳ ಹೆಗಲ ಮೇಲೆ. ಮೂವತ್ತು ವರ್ಷ ಬಸ್ಸು ಓಡಿಸಿದ ಮನುಷ್ಯ. ಎರಡು ವರ್ಷದ ಹಿಂದೆ ಕಣ್ಣು ಕೈಕೊಟ್ಟ ಮೇಲೆ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ತಿಳಿಯುತ್ತಿರಲಿಲ್ಲ. ದನಿಯ ಗತ್ತು ಮಾತ್ರ ಎಳ್ಳಷ್ಟೂ ಇಳಿದಿರಲಿಲ್ಲ.

ಟೀಚರ್ ಕುರ್ಚಿ ಎಳೆದು ಕೂರಿಸಿದರು. ಕರೆಸಿದ್ದು ಅವರೇ, ಒಂದು ಫಾರಮ್ಮಿಗಾಗಿ. ಮೂರು ತಿಂಗಳ ಹಿಂದೆ ಇಲಾಖೆಯಿಂದ ಸುತ್ತೋಲೆ ಬಂದಿತ್ತು. ಇನ್ನು ಮುಂದೆ ಸಂಶೋಧನೆಯಿಂದ ಸಾಬೀತಾದ ಕ್ರಮದಲ್ಲೇ ಓದು ಕಲಿಸಬೇಕು. ಚಿತ್ರ ನೋಡಿ ಊಹಿಸಿ ಹೇಳು ಅನ್ನುವುದು, ಎಲ್ಲರೂ ಒಟ್ಟಿಗೆ ರಾಗ ಎಳೆಯುವುದು ಬಂದ್. ಚಿತ್ರಕ್ಕೆ ರಟ್ಟು ಮುಚ್ಚಿ, ಅಕ್ಷರದ ಮೇಲೆ ಬೆರಳಿಟ್ಟು, ಒಂದೊಂದೇ ಸದ್ದು ಕೂಡಿಸಿ ಓದಿಸಬೇಕು. ಅದರ ಫಲವೇನೆಂದು ತಿಳಿಯಲು ಈಗ ಮಗುವಿಗೊಂದು ಫಾರಂ. ‘ಸುಧಾರಿಸಿದೆ’, ‘ಕುಂಠಿತವಾಗಿದೆ’ ಎಂಬ ಎರಡು ಚೌಕ. ಗುರುತು ಹಾಕಬೇಕಾದವರು ಮನೆಯವರು. ಕುಂಠಿತವಾದ ಮಕ್ಕಳನ್ನು ಮತ್ತೆ ಒಂದನೇ ತರಗತಿಯಲ್ಲಿ ಕೂರಿಸತಕ್ಕದ್ದು ಎಂದು ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿತ್ತು. ಸಂಜೆಯೊಳಗೆ ಎಲ್ಲ ಫಾರಮ್ಮೂ ಹೋಗಬೇಕು.

ಒಂದನೇ ತರಗತಿಯಿಂದಲೂ ತಾವೇ ಕಲಿಸಿದ ಈ ಹುಡುಗಿ ಟೀಚರ ಪಾಲಿಗೆ ಚಿನ್ನದಂಥ ಮಗು. ಯಾವ ಅಧಿಕಾರಿ ಬಂದರೂ ಮೊದಲು ಎಬ್ಬಿಸಿ ನಿಲ್ಲಿಸುತ್ತಿದ್ದುದು ಇವಳನ್ನೇ. ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಯಾರಿಂದಲೂ ಒಂದು ಶಾಲನ್ನಾಗಲಿ, ಒಂದು ಹಾರವನ್ನಾಗಲಿ ಕಾಣದ ಟೀಚರಿಗೆ ಇವಳ ಓದೇ ಬಹುಮಾನವಾಗಿತ್ತು. ಸುತ್ತೋಲೆ ಬಂದ ಮರುದಿನ ಚಿತ್ರಕ್ಕೆ ರಟ್ಟು ಮುಚ್ಚಿದರೆ, ಚಿನ್ನದಂಥ ಮಗು ಒಂದು ಪದ ಓದಲಾರದೆ ಪಿಳಿಪಿಳಿ ನೋಡಿತ್ತು. ಅವತ್ತಿನಿಂದ ಟೀಚರ ತಲೆ ಕೆಟ್ಟು ಗೊಬ್ಬರವಾಗಿತ್ತು. ಹಾಗಾದರೆ ಹತ್ತೊಂಬತ್ತು ವರ್ಷ ತಾನು ಕಲಿಸಿದ್ದಾದರೂ ಏನು? ಯಾರನ್ನು ಕೇಳುವುದು?

ಅಜ್ಜ ತಮ್ಮ ಅಹವಾಲು ಬಿಚ್ಚಿದರು. ಸೊಸೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸಕ್ಕೆ ಬೆಳಿಗ್ಗೆ ಆರಕ್ಕೇ ಹೊರಡುತ್ತಾಳೆ. ಆಮೇಲೆ ಮನೆಯಲ್ಲಿ ಇವರಿಬ್ಬರೇ. ಮೊದಲೆಲ್ಲ ಮೊಮ್ಮಗಳು ಇಡೀ ಪತ್ರಿಕೆಯನ್ನು ನೀರು ಕುಡಿದಷ್ಟು ಸಲೀಸಾಗಿ ಓದಿ ಹೇಳುತ್ತಿದ್ದಳಂತೆ. ಈಗ ಒಂದು ಸಾಲಿಗೆ ಹತ್ತು ಸಲ ನಿಲ್ಲುತ್ತಾಳಂತೆ.

“ಮೊದಲು ಏನೇನು ಓದ್ತಿದ್ದಳು, ಅಜ್ಜಾ?” ಟೀಚರ್ ಅನುಮಾನಿಸುತ್ತ ಕೇಳಿದರು.

ಅಜ್ಜನ ಮುಖ ಅರಳಿತು. ಮೃಗಾಲಯದ ಆನೆ ಅವಳಿ ಮರಿ ಹಾಕಿದ್ದು, ಸೇತುವೆ ಮೇಲೆ ಹಳೆಯ ಬಸ್ಸುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ನಿವೃತ್ತ ಚಾಲಕರಿಗೆ ಒಂದೊಂದು ಸುತ್ತು ಓಡಿಸಲು ಕೊಟ್ಟಿದ್ದು, ಕಣ್ಣಿಗೆ ಹೊಸ ಔಷಧಿ ಬರುತ್ತಿರುವುದು, ಅದು ಸಿಹಿಯಾಗಿರುವುದು. ಒಂದೊಂದನ್ನೂ ಬಾಯಿತುಂಬ ಹೇಳಿದರು. ಹುಡುಗಿ ತಲೆ ತಗ್ಗಿಸಿ ಕಾಲ್ಬೆರಳಿನಿಂದ ನೆಲ ಕೆರೆಯುತ್ತಿದ್ದಳು.

ಟೀಚರಿಗೆ ನಗು ಬಂತು. ಸುಳ್ಳಿ ಎಂದು ಗದರುವ ಹಾಗೂ ಇಲ್ಲ. ಚಿತ್ರ ನೋಡು, ಊಹಿಸು, ಧೈರ್ಯವಾಗಿ ಹೇಳು. ಟೀಚರ್ ಕಲಿಸಿದ್ದನ್ನೇ ಮಗು ಚಾಚೂ ತಪ್ಪದೆ ಮಾಡಿತ್ತು. ಈಗ ನಿಜ ಹೇಳಿದರೆ ಮುದುಕರ ಅಷ್ಟು ದಿನದ ಬೆಳಗುಗಳು ಮಣ್ಣುಪಾಲು. ಹೇಳದಿದ್ದರೆ ಅವರು ಕುಂಠಿತದ ಚೌಕಕ್ಕೇ ಗೀಚುತ್ತಾರೆ, ಹುಡುಗಿ ಒಂದನೇ ತರಗತಿಗೆ ಹೋಗುತ್ತಾಳೆ. ಅಲ್ಲಿ ಕೂರಿಸುತ್ತಾರೆ ಅಜ್ಜಾ ಎಂದು ಹೇಳಿಯೂ ನೋಡಿದರು. ಕೂರಲಿ ಬಿಡಿ, ಚೆನ್ನಾಗಿ ಓದಲು ಕಲಿತದ್ದು ಅಲ್ಲೇ ತಾನೆ ಎಂದುಬಿಟ್ಟರು ಅಜ್ಜ.

ಟೀಚರ್ ಪತ್ರಿಕೆ ಬಿಡಿಸಿ ಮೊದಲ ಪುಟವನ್ನು ಹುಡುಗಿಯ ಮುಂದೆ ಹಿಡಿದರು. ಕೆಳಗಡೆಯ ಚಿತ್ರವಿಲ್ಲದ ಒಂದು ಸಾಲನ್ನು ತೋರಿಸಿದರು. ಹುಡುಗಿ ಬೆರಳಿಟ್ಟಳು. ಹಣೆಯಲ್ಲಿ ಬೆವರು ಮೂಡಿತು.

“ನಾ... ಳೆ... ನ... ಲ್ಲಿ... ನಲ್ಲಿ... ನೀ... ರು... ಇ... ಲ್ಲ.”

ಅಷ್ಟೇ. ಇದ್ದದ್ದು ಇದ್ದ ಹಾಗೆ. ಅವಳ ಬಾಯಿಂದ ಟೀಚರ್ ಕೇಳಿದ ಮೊದಲ ನಿಜವಾದ ಓದು ಅದು.

“ಕೇಳಿದ್ರಾ?” ಅಜ್ಜ ಲೊಚಗುಟ್ಟಿದರು. “ಫಸ್ಟ್ ಗೇರಲ್ಲಿ ಗುಡ್ಡ ಹತ್ತೋ ಬಸ್ಸು. ಕೊಡಿ ಪೆನ್ನು. ಕೆಟ್ಟಿದೆ ಅನ್ನೋ ಚೌಕ ಎಲ್ಲಿದೆ, ಬೆರಳು ಹಿಡಿದು ತೋರಿಸಿ.”

ಟೀಚರ್ ಅಜ್ಜನ ಬೆರಳು ಹಿಡಿದು ಫಾರಮ್ಮಿನ ಮೇಲೆ ತಂದರು. ಎರಡು ಚೌಕಗಳ ನಡುವೆ ಹೆಚ್ಚೆಂದರೆ ಒಂದಂಗುಲ. ಯಾವುದರ ಮೇಲಿಟ್ಟರೂ ಅಜ್ಜನಿಗೆ ತಿಳಿಯುವುದಿಲ್ಲ. ಟೀಚರ ಕೈ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ.

“ಅಜ್ಜಾ, ಮನೆಗೆ ಹೋದ ತಕ್ಷಣ ಕೊಡಗಳಿಗೆ ನೀರು ತುಂಬಿಸಿಡಿ,” ಎಂದರು ಕೊನೆಗೆ. “ನಾಳೆ ನಲ್ಲಿ ಬರಲ್ಲ. ಈಗ ತಾನೆ ಓದಿದಳಲ್ಲ.”

“ಅಷ್ಟು ತಡವರಿಸಿಕೊಂಡು ಓದಿದ್ದನ್ನ ಹೇಗೆ ನಂಬೋದು ಟೀಚರಮ್ಮ?” ಅಜ್ಜ ನಕ್ಕರು. “ಓದು ಅಂದ್ರೆ ಹೋದ ವರ್ಷದ್ದು. ಓದು ಕಲಿಸೋದರಲ್ಲಿ ಇಡೀ ದೇಶಕ್ಕೇ ನೀವು ಮೊದಲನೆಯವರು ಅಂತ ಪ್ರಶಸ್ತಿ ಕೊಟ್ಟರಲ್ಲ, ಹಾರ ಹಾಕಿದ ಫೋಟೋ ಸಮೇತ ಮೊದಲ ಪುಟದಲ್ಲೇ ಬಂದಿತ್ತಲ್ಲ, ಅದನ್ನ ಎರಡು ಸಲ ಓದಿಸಿ ಕೇಳಿದೆ. ಒಂದೇ ಒಂದು ಕಡೆ ತಡವರಿಸಲಿಲ್ಲ ನೋಡಿ.”